ಮಾಮಿಯ ಲ್ಯಾಪ್‌ಟಾಪಿಗೆ ತಕ್ಕ ಡಿಸ್ಕ್

ನನಗೆ ಕಂಪ್ಯೂಟರ್ ಗೊತ್ತು ಎಂದು ನಾನಾಗಿ ಯಾರಿಗೂ ಹೇಳಿದವನಲ್ಲ. ಗೊತ್ತಿಲ್ಲ ಎಂದೂ ಹೇಳಲಿಲ್ಲ, ನನ್ನ ತಪ್ಪು ಅಷ್ಟೇ. ಕೊಟ್ಟಾರದ ನಮ್ಮ ಕಚೇರಿಯಲ್ಲಿ ಒಂದು ದಿನ ಪ್ರಿಂಟರ್ ಹಠ ಹಿಡಿದು ಕೂತಿತು. ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಗುಂಡಿ ಒತ್ತುತ್ತಿದ್ದರು. ಆ ಗದ್ದಲದಲ್ಲಿ ನನ್ನ ಪೆನ್ನು ಮೇಜಿನಡಿಗೆ ಉರುಳಿತು. ಹೆಕ್ಕಲು ಬಗ್ಗಿದವನಿಗೆ ಗೋಡೆಯಲ್ಲಿ ಸಡಿಲಾಗಿ ಜೋತುಕೊಂಡಿದ್ದ ಪ್ಲಗ್ಗು ಕಂಡಿತು, ಒತ್ತಿದೆ. ನಾನು ಮೇಲೆ ಏಳುವಷ್ಟರಲ್ಲಿ ಪ್ರಿಂಟರ್ ಹನ್ನೆರಡು ಹಾಳೆ ಕಕ್ಕಿತ್ತು, ನಾನು ಕಚೇರಿಯ ಕಂಪ್ಯೂಟರ್ ತಜ್ಞನಾಗಿದ್ದೆ. ಸುದ್ದಿ ಅಲ್ಲಿಗೇ ನಿಲ್ಲದೆ ಮನೆಗೂ ಬಂತು. ಮನೆಯಲ್ಲಿ ವಾರಿಜ ಮಾಮಿ ಇದ್ದರು.

ವಾರಿಜ ಮಾಮಿ ಎಂದರೆ ನನ್ನ ಹೆಂಡತಿ ವೀಣಾಳ ತಾಯಿ. ವಯಸ್ಸು ಎಪ್ಪತ್ತೆರಡು. ಅವರು ನಮ್ಮ ಜೊತೆ ಇದ್ದಾರೆ ಎಂದು ನಾನು ಹೇಳುತ್ತೇನೆ; ಮನೆ ಅವರ ಹೆಸರಲ್ಲಿರುವುದರಿಂದ ನಾವು ಅವರ ಜೊತೆ ಇದ್ದೇವೆ ಎಂದು ವೀಣಾ ತಿದ್ದುತ್ತಾಳೆ. ಮಾಮಿಗೆ ಒಂದು ಕೆಲಸ ಉಂಟು: ಮದುವೆ ಕೂಡಿಸುವುದು. ಅದಕ್ಕಾಗಿ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ, ಮದುವೆಯ ಊಟವೊಂದನ್ನು ಬಿಟ್ಟು. ಮೊದಲು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ವೀಣಾಳ ಅಣ್ಣ ಮಸ್ಕತ್ತಿನಿಂದ ಒಂದು ಲ್ಯಾಪ್‌ಟಾಪ್ ತಂದುಕೊಟ್ಟ ಮೇಲೆ ಎರಡೇ ಬೆರಳಲ್ಲಿ ಟೈಪಿಂಗ್ ಕಲಿತು, ಹಳೆಯ ಪುಸ್ತಕಗಳನ್ನೆಲ್ಲ ಅದಕ್ಕೆ ಇಳಿಸಿದರು. ‘ಹುಡುಗರು’ ಎಂದು ಒಂದು ಫೋಲ್ಡರ್, ‘ಹುಡುಗಿಯರು’ ಎಂದು ಇನ್ನೊಂದು, ಎರಡೂ ಕೂಡಿ ಬಂದವರಿಗೆ ‘ಆಯಿತು’ ಎಂದು ಮೂರನೆಯದು. ಮೊಬೈಲ್ ಮೇಲೆ ಅವರಿಗೆ ನಂಬಿಕೆ ಇಲ್ಲ. “ಕೈಯಿಂದ ಜಾರಿ ಬಿದ್ದರೆ ಒಟ್ಟಿಗೆ ಎಷ್ಟು ಜನ ಬೀಳ್ತಾರೆ ನೋಡಿ” ಎನ್ನುತ್ತಾರೆ.

ಲ್ಯಾಪ್‌ಟಾಪಿಗೂ ವಯಸ್ಸಾಯಿತು. ಮಾಮಿ ಬೆಳಿಗ್ಗೆ ಅದರ ಗುಂಡಿ ಒತ್ತಿ, ಕುಚ್ಚಲಕ್ಕಿ ತೊಳೆದು ಒಲೆಗಿಟ್ಟು, ಮಲ್ಲಿಗೆ ಗಿಡಕ್ಕೆ ನೀರು ಹಾಕಿ, ಪಕ್ಕದ ಮನೆಯವರ ಹತ್ತಿರ ಮಾತಾಡಿ ಒಳಗೆ ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಒಂದು ಸಲ ಒಬ್ಬ ಹುಡುಗನ ಜಾತಕ ತೆರೆದುಕೊಳ್ಳುವಷ್ಟರಲ್ಲಿ ಅವನಿಗೆ ಬೇರೆ ಕಡೆ ನಿಶ್ಚಯವೇ ಆಗಿಹೋಯಿತು ಎಂದು ವೀಣಾ ಹೇಳುತ್ತಾಳೆ. ಇದು ಉತ್ಪ್ರೇಕ್ಷೆ. ನಿಶ್ಚಯ ಆದದ್ದು ಮರುದಿನ.

“ಜಯಕರ, ನಿಮ್ಮ ಆಫೀಸಿನವರೆಲ್ಲ ನಿಮ್ಮನ್ನೇ ಕೇಳುದಂತಲ್ಲ. ಇದಕ್ಕೊಂದು ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?” ಎಂದು ಮಾಮಿ ಕೇಳಿದರು. ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಮಾಮಿ ಅಳಿಯನಿಗೆ ಕೊಡುವ ಮರ್ಯಾದೆಗೆ ಕರಗದ ಅಳಿಯ ಇನ್ನೂ ಹುಟ್ಟಬೇಕು. “ಅದೆಂತ ಮಾಮಿ, ಡಿಸ್ಕ್ ಒಂದು ಬದಲಿಸಿದ್ರೆ ಸಾಕು, ಕುದುರೆ ಹಾಗೆ ಓಡ್ತದೆ” ಎಂದೆ. ಎಲ್ಲೋ ಕೇಳಿದ್ದ ಮಾತು.

ಮುಂದಿನ ಎರಡು ವಾರ ನಾನು ಡಿಸ್ಕುಗಳನ್ನು ಓದಿದೆ. ಹಳೆಯ ಲ್ಯಾಪ್‌ಟಾಪಿನೊಳಗೆ ಒಂದು ತಟ್ಟೆ ಗಿರಗಿರನೆ ತಿರುಗುತ್ತದೆ, ಒಂದು ಮುಳ್ಳು ಅದರ ಮೇಲೆ ಓಡಾಡಿ ಬೇಕಾದ್ದನ್ನು ಹುಡುಕುತ್ತದೆ. ಹೊಸದರಲ್ಲಿ ತಿರುಗುವಂಥದ್ದು ಏನೂ ಇಲ್ಲ, ಆದ್ದರಿಂದ ಬೇಗ. ಇಷ್ಟರವರೆಗೆ ನನಗೆ ಅರ್ಥವಾಯಿತು. ಆದರೆ ಹೊಸದರಲ್ಲಿ ಜಾತಿಗಳಿದ್ದವು. ಇಸ್ಪೀಟು ಕಟ್ಟಿನ ಹಾಗೆ ಚಪ್ಪಟೆ ಪೆಟ್ಟಿಗೆಯದ್ದೊಂದು, ಚೂಯಿಂಗ್ ಗಮ್ಮಿನಷ್ಟು ಸಣ್ಣ ಕಡ್ಡಿಯದ್ದೊಂದು. ಆ ಕಡ್ಡಿಯಲ್ಲಿ ಮತ್ತೆ ಎರಡು ಪಂಗಡ, ನೋಡಲಿಕ್ಕೆ ಅಕ್ಕತಂಗಿಯರ ಹಾಗೆ, ಒಂದರ ಗೂಡಿಗೆ ಇನ್ನೊಂದು ಹೊಂದುವುದಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಗಡ್ಡದವನು ಕಡ್ಡಿಯೇ ಎಲ್ಲಕ್ಕಿಂತ ವೇಗ, ಚಪ್ಪಟೆಯದ್ದು ಹಳೆಯ ಕಾಲದ್ದು ಎಂದ. ಹಳೆಯ ಕಾಲದ್ದು ಎಂದ ಕೂಡಲೇ ನನ್ನ ಮನಸ್ಸು ಕಡ್ಡಿಯ ಕಡೆ ವಾಲಿತು. ಮಾಮಿ ಮಾತ್ರ ಶಾಂತವಾಗಿ ಮೂರು ಪ್ರಶ್ನೆ ಕೇಳಿದರು. ಯಾವ ಕಂಪೆನಿಯದ್ದು? ಎಷ್ಟು ವರ್ಷ ಬಾಳ್ತದೆ? ನಮ್ಮದಕ್ಕೆ ಹೊಂದುತ್ತದಾ? ಮೊದಲ ಎರಡಕ್ಕೆ ನಾನು ಅರ್ಧ ಗಂಟೆ ಉತ್ತರ ಕೊಟ್ಟೆ. ಮೂರನೆಯದಕ್ಕೆ ಹೊತ್ತು ಉಳಿಯಲಿಲ್ಲ.

ಒಂದು ಆದಿತ್ಯವಾರ ಬೆಳಿಗ್ಗೆ, ತರಿಸಿದ ಕಡ್ಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಕವುಚಿ ಹಾಕಿ ಹನ್ನೊಂದು ಸ್ಕ್ರೂ ಬಿಚ್ಚಿದೆ. ಅಡಿಭಾಗ ಜಪ್ಪಯ್ಯ ಎಂದರೂ ಏಳಲಿಲ್ಲ. ನೀರುದೋಸೆ ಎಬ್ಬಿಸುವ ತೆಳ್ಳಗಿನ ಸಟ್ಟುಗವನ್ನು ಸಂದಿಗೆ ತೂರಿಸಿ ಮೀಟಿದೆ, ಟಪ್ಪೆಂದು ತೆರೆಯಿತು. ಒಳಗೆ ಹನ್ನೊಂದು ವರ್ಷದ ಧೂಳು, ಒಂದು ಜೀರಿಗೆ ಕಾಳು, ಹಳೆಯ ಡಿಸ್ಕ್ ಎಲ್ಲ ಇದ್ದವು. ಕಡ್ಡಿ ಕೂರುವ ಗೂಡು ಮಾತ್ರ ಇರಲಿಲ್ಲ. ಟಾರ್ಚು ಹಾಕಿ ಹುಡುಕಿದೆ. ಕನ್ನಡಕ ಬದಲಿಸಿ ಹುಡುಕಿದೆ.

“ಎಂತ ಜಯಕರ, ಜಾಗ ಸಿಕ್ಕಿಲ್ವಾ?” ಮಾಮಿ ಅಡುಗೆಮನೆಯಿಂದ ಕೇಳಿದರು.

“ಉಂಟು ಮಾಮಿ, ಸ್ವಲ್ಪ ಹುಡುಕ್ಬೇಕು.”

ಕೊನೆಗೆ ಹಳೆಯ ಡಿಸ್ಕನ್ನೇ ಒಂದು ಸಲ ಹೊರಗೆ ತೆಗೆದು, ನೋಡಿ, ಮತ್ತೆ ಒಳಗಿಟ್ಟು ಮುಚ್ಚಿದೆ. ಎರಡು ಸ್ಕ್ರೂ ಉಳಿದವು, ಜೇಬಿಗೆ ಹಾಕಿಕೊಂಡೆ. ಗುಂಡಿ ಒತ್ತಿದರೆ ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್, ಟಕ್ ಎಂಬ ಸದ್ದು. ಆರಿಸಿ ಹಚ್ಚಿದೆ. ಮತ್ತೆ ಆರಿಸಿ ಹಚ್ಚಿದೆ. ಮೆಲ್ಲಗೆ ಎರಡು ಏಟು ತಟ್ಟಿದೆ. ಆಮೇಲೆ ಆ ಸದ್ದೂ ನಿಂತಿತು. ಪರದೆಯಲ್ಲಿ ಕಪ್ಪು, ಕಪ್ಪಿನಲ್ಲಿ ನನ್ನ ಮುಖ.

ಮಾಮಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿ ಎಳೆದು ಕೂತು, “ಶಶಿಕಲಾ ಅದರಲ್ಲಿದ್ದಾಳಲ್ಲ” ಎಂದರು.

ಶಶಿಕಲಾ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಬ್ಬರು ತಂಗಿಯರನ್ನು ಓದಿಸಿ ಮದುವೆ ಮಾಡಿಕೊಡುವಷ್ಟರಲ್ಲಿ ಅವಳಿಗೆ ನಲವತ್ತೊಂದಾಗಿತ್ತು. ಮಾಮಿ ಆರು ವರ್ಷದಿಂದ ಅವಳಿಗಾಗಿ ಹುಡುಕುತ್ತಿದ್ದರು. ಹಿಂದಿನ ದಿನವಷ್ಟೇ, ನಾನು ಮನೆಯಲ್ಲಿಲ್ಲದಾಗ, ಉಮೇಶ ಎಂಬವರು ಯಾರೋ ಹೇಳಿದರೆಂದು ಮನೆಗೆ ಬಂದಿದ್ದರು. ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವರು, ಹೆಂಡತಿ ತೀರಿಕೊಂಡು ಐದು ವರ್ಷ, ಮಾತು ಕಡಿಮೆ. ಮಾಮಿ ಅವರನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ನೇರವಾಗಿ ಲ್ಯಾಪ್‌ಟಾಪಿಗೆ ಟೈಪ್ ಮಾಡಿದ್ದರು, ಫೋನ್ ನಂಬರನ್ನು ಕೂಡ. ಹೊರಡುವಾಗ ಉಮೇಶರು, “ನಾಳೆ ಬಿಟ್ಟು ಮುಂದಿನ ಆದಿತ್ಯವಾರದೊಳಗೆ ಫೋನ್ ಬರದಿದ್ರೆ ಅವರಿಗೆ ಇಷ್ಟ ಇಲ್ಲ ಅಂತ ತಿಳ್ಕೊಳ್ತೇನೆ. ನೀವು ಬೇಜಾರು ಮಾಡ್ಬೇಡಿ” ಎಂದಿದ್ದರಂತೆ. ಶಶಿಕಲಾ ಆ ಬೆಳಿಗ್ಗೆಯೇ ಫೋನ್ ಮಾಡಿ, “ನೋಡುವ ಮಾಮಿ” ಎಂದಿದ್ದಳು. ಆರು ವರ್ಷದಲ್ಲಿ ಅವಳು ಹಾಗೆ ಹೇಳಿದ್ದು ಮೊದಲ ಸಲ. ಉಮೇಶರನ್ನು ಕಳಿಸಿದ್ದು ಯಾರೆಂದು ಕೇಳಿದರೆ, ಆ ಹೆಸರೂ ಲ್ಯಾಪ್‌ಟಾಪಿನಲ್ಲೇ ಉಂಟು ಎಂದರು ಮಾಮಿ.

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲ ನೀವು?” ಎಂದಳು ವೀಣಾ. ನಾನು ಜೇಬಿನಲ್ಲಿದ್ದ ಎರಡು ಸ್ಕ್ರೂಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

ಸೋಮವಾರ ರಜೆ ಹಾಕಿ ಲ್ಯಾಪ್‌ಟಾಪನ್ನು ಅತ್ತಾವರಕ್ಕೆ ಒಯ್ದೆ. ಅಲ್ಲಿ ಮೆಡಿಕಲ್ ವಿದ್ಯಾರ್ಥಿಗಳ ಲ್ಯಾಪ್‌ಟಾಪ್ ರಿಪೇರಿ ಮಾಡುವ ಜೆಸಿಂತಾ ಎಂಬವರ ಅಂಗಡಿ ಉಂಟು; ಕುವೈತಿನಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿ ಬಂದ ಹೆಂಗಸು. ಮಾಮಿಯೂ ಹಟ ಮಾಡಿ ಜೊತೆಗೆ ಬಂದರು. ಜೆಸಿಂತಾ ಡಿಸ್ಕನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟು ನೋಡಿದರು.

“ಸದ್ದು ಬಂದ ಮೇಲೆ ಎಷ್ಟು ಸಲ ಆನ್ ಮಾಡಿದ್ರಿ ಸರ್?”

“ಒಂದೆರಡು ಸಲ ಮೇಡಂ.”

“ಏಳು ಸಲ” ಎಂದರು ಮಾಮಿ.

“ಹೊಡ್ದಿದ್ದೀರಾ?”

“ಇಲ್ಲಪ್ಪ, ತಟ್ಟಿದ್ದು.”

ನಾನು ತಂದ ಕಡ್ಡಿಯನ್ನು ಜೆಸಿಂತಾ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. “ಒಳ್ಳೇದೇ ತೆಗ್ದಿದ್ದೀರಿ. ಆದ್ರೆ ಇಷ್ಟು ಹಳೇ ಮಾಡೆಲಿನಲ್ಲಿ ಇದಕ್ಕೆ ಜಾಗವೇ ಇಟ್ಟಿಲ್ಲ ಸರ್, ಚಪ್ಪಟೆಯದ್ದೇ ಬೇಕು. ಅದು ಆಮೇಲೆ ನೋಡುವ. ಮೊದ್ಲು ಇದ್ರಲ್ಲಿ ಉಳಿದದ್ದನ್ನು ತೆಗೀಬೇಕು. ಇದು ಎಷ್ಟು ಹೊತ್ತು ತಡೀತದೆ ಹೇಳ್ಲಿಕ್ಕಾಗುದಿಲ್ಲ. ಯಾವುದು ಮೊದ್ಲು ಬೇಕು ಹೇಳಿ.”

ಅದರಲ್ಲಿ ನಮ್ಮ ಮಗಳ ತೊಟ್ಟಿಲು ಹಾಕಿದ ದಿನದ ಚಿತ್ರಗಳಿದ್ದವು. ತೀರಿಹೋದ ಮಾವ ಅವಳನ್ನು ಎತ್ತಿಕೊಂಡು ನಿಂತ ಚಿತ್ರಗಳಿದ್ದವು. ನಾನು ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಮಾಮಿ, “‘ಹುಡುಗರು’ ಅಂತ ಉಂಟು, ಅದು ಮೊದ್ಲು” ಎಂದರು. ನನ್ನ ಮುಖ ನೋಡಿ, “ಅವರ ಫೋಟೋ ಗೋಡೆಯಲ್ಲಿ ಉಂಟಲ್ಲ ಜಯಕರ. ಶಶಿಕಲಾಗೆ ಇರುದು ಇದೊಂದೇ” ಎಂದು ಸೆರಗು ಸರಿಮಾಡಿಕೊಂಡರು. ಹೆಣ್ಣು ಕೊಟ್ಟ ಅತ್ತೆಯನ್ನು ಗೌರವಿಸುವುದು ಅಳಿಯನ ವಾಡಿಕೆ. ಆವತ್ತು ವಾಡಿಕೆ ಮೀರಿ ಗೌರವ ಬಂತು.

ಮಂಗಳವಾರ, ಬುಧವಾರ, ಗುರುವಾರ ಜೆಸಿಂತಾರಿಂದ ಒಂದೇ ಉತ್ತರ: “ಸ್ವಲ್ಪ ಸ್ವಲ್ಪ ಬರ್ತಾ ಉಂಟು.” ಶನಿವಾರವಾದರೂ ಡಿಸ್ಕಿನಿಂದ ಉಮೇಶರ ಕಡತ ಬರಲಿಲ್ಲ. ನನಗೆ ಮನೆಯಲ್ಲಿ ಕೂರಲಾಗದೆ ಅವರನ್ನು ಹುಡುಕಿಕೊಂಡು ಬಂದರಿಗೆ ಹೋದೆ. ದೋಣಿಗಳು ನಿಲ್ಲುವ ದಕ್ಕೆಯ ಉದ್ದಕ್ಕೂ ಕೇಳುತ್ತಾ ನಡೆದೆ. ಸಿಕ್ಕಿದ ಮೊದಲ ಉಮೇಶರು ಮೊಮ್ಮಗನನ್ನು ಎತ್ತಿಕೊಂಡಿದ್ದರು. ಎರಡನೆಯವರು ಐಸ್ ಮಾರುವವರು, ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಮದುವೆಯ ವಿಷಯ ಊರಿಗೆಲ್ಲ ಸಾರುವುದು ಸರಿಯಲ್ಲವೆಂದು ನಾನು “ಇಂಜಿನ್ ಹಾಳಾಗಿದೆ” ಎನ್ನುತ್ತಿದ್ದೆ. “ಯಾವ ಬೋಟಿದ್ದು?” ಎಂದು ಕೇಳಿದರೆ ಮುಂದಕ್ಕೆ ಹೋಗುತ್ತಿದ್ದೆ. ಮೂರನೆಯ ಸಲ ಅದೇ ಜಾಗ ಸುತ್ತಿದಾಗ ಮೀನು ಮಾರುವ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು, “ನಿಮಗೆ ಬೇಕಾದ್ದು ಎಂತ ಮಾರಾಯ್ರೆ? ಮೀನಾ, ಉಮೇಶನಾ?” ಎಂದು ಗದರಿದಳು. ಹೆದರಿ ಒಂದು ಕಿಲೋ ಬಂಗುಡೆ ತೆಗೆದುಕೊಂಡೆ.

ಚೀಲ ಹಿಡಿದು ನಿಂತಿದ್ದಾಗ ಜೆಸಿಂತಾರ ಫೋನು ಬಂತು. “ಬಂತು ಸರ್! ‘ಹುಡುಗರು’ ಮುಕ್ಕಾಲಂಶ ಬಂತು. ಉಮೇಶ ಅಂತ ಉಂಟು, ಬಂದರಿನವರು. ನಂಬರ್ ಕಳಿಸ್ತೇನೆ.” ನಾನು ಮನೆಗೆ ಫೋನ್ ಮಾಡಿ ಅದನ್ನು ಮಾಮಿಗೆ ಓದಿ ಹೇಳಿದೆ, ಮಾಮಿ ಎರಡು ಸಲ ಹೇಳಿಸಿಕೊಂಡು ಫೋನ್ ಇಟ್ಟರು. ಒಂದು ನಿಮಿಷವೂ ಆಗಿರಲಿಲ್ಲ. ನನ್ನಿಂದ ಹತ್ತು ಹೆಜ್ಜೆ ಆಚೆ, ನಾನು ಬೆಳಿಗ್ಗೆಯಿಂದ ಮೂರು ಸಲ ದಾಟಿಹೋದ ಶೆಡ್ಡಿನಲ್ಲಿ ಫೋನ್ ರಿಂಗಾಯಿತು. ಇಂಜಿನ್ನಿಗೆ ಬಗ್ಗಿದ್ದ ಸಪೂರ ಮನುಷ್ಯರೊಬ್ಬರು ಕೈ ಒರೆಸಿಕೊಂಡು ಎತ್ತಿದರು. “ಹಾಂ... ಹೌದು, ಉಮೇಶನೇ” ಎಂದರು. ಆಮೇಲೆ ಕೇಳುತ್ತಲೇ ಇದ್ದರು. ಮೆಲ್ಲಗೆ ಕವುಚಿ ಹಾಕಿದ ಮೀನಿನ ಕ್ರೇಟಿನ ಮೇಲೆ ಕೂತರು. ಫೋನ್ ಇಟ್ಟ ಮೇಲೆ ಕಣ್ಣು ಒರೆಸಿಕೊಂಡರು, ಕೈಯೆಲ್ಲ ಗ್ರೀಸಾಗಿದ್ದರಿಂದ ಮೊಣಕೈಯಲ್ಲಿ.

“ಓ, ನೀವು ಹುಡುಕಿದ್ದು ನಮ್ಮ ಬಾಬಣ್ಣನನ್ನಾ?” ಎಂದಳು ಮೀನಿನ ಹೆಂಗಸು. “ಬಾಬಣ್ಣ ಅಂತ ಹೇಳ್ಬೇಕಲ್ಲ! ಉಮೇಶ ಅಂದ್ರೆ ಇವ್ರೇ ಅಂತ ಇಲ್ಲಿ ಯಾರಿಗೆ ಗೊತ್ತುಂಟು?” ನಾನು ಹತ್ತಿರ ಹೋಗಿ ಮಾತಾಡಿಸಲಿಲ್ಲ. ಅವರು ಹಾಗೆ ಕೂತಿದ್ದಾಗ ನಡುವೆ ಬಂಗುಡೆ ಹಿಡಿದುಕೊಂಡು ಹೋಗುವುದು ಸರಿ ಕಾಣಲಿಲ್ಲ.

ಮಾವನ ಚಿತ್ರಗಳೂ ಒಂದೆರಡು ಬಿಟ್ಟು ಎಲ್ಲ ಬಂದವು. ನಲವತ್ತರಷ್ಟು ಹುಡುಗ ಹುಡುಗಿಯರ ವಿವರ ಮಾತ್ರ ಹೋಯಿತು. ಮಾಮಿ ನೆನಪಿನಿಂದ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಕೇಳಿದಾಗ ತಿಳಿಯಿತು, ಹೋದವರಲ್ಲಿ ಹೆಚ್ಚಿನವರಿಗೆ ಮದುವೆಯಾಗಿ ಮಕ್ಕಳೂ ಶಾಲೆಗೆ ಹೋಗುತ್ತಿದ್ದವು. ಹೊಸ ಡಿಸ್ಕನ್ನು ಮಾಮಿಯೇ ಆರಿಸಿದರು. ಜೆಸಿಂತಾ ಮೂರು ಚಪ್ಪಟೆ ಪೆಟ್ಟಿಗೆಗಳನ್ನು ಮುಂದಿಟ್ಟರು. ಮಾಮಿ ಎಲ್ಲಕ್ಕಿಂತ ದೊಡ್ಡದನ್ನೂ ಬಿಟ್ಟು, ಸಣ್ಣದನ್ನೂ ಬಿಟ್ಟು, ಐದು ವರ್ಷ ಗ್ಯಾರಂಟಿ ಇದ್ದ ನಡುವಿನದ್ದನ್ನು ಎತ್ತಿಕೊಂಡರು. ಅದು ಹಳೆಯದಕ್ಕಿಂತ ಸಪೂರ. ಒಳಗೆ ಅಲ್ಲಾಡದ ಹಾಗೆ ಜೆಸಿಂತಾ ಅದಕ್ಕೊಂದು ಪ್ಲಾಸ್ಟಿಕ್ ಚೌಕಟ್ಟು ಹಾಕಿ ಕೂರಿಸಿದರು. ನನ್ನ ಕಡ್ಡಿಯನ್ನು ಹೊರಗಿನಿಂದ ಸಿಕ್ಕಿಸುವಂಥ ಒಂದು ಸಣ್ಣ ಡಬ್ಬಿಯಲ್ಲಿಟ್ಟು, ಎಲ್ಲದರ ಇನ್ನೊಂದು ಪ್ರತಿ ಅದರಲ್ಲಿರುವ ಹಾಗೆ ಮಾಡಿಕೊಟ್ಟರು. “ನೋಡಿ, ಅದಕ್ಕೂ ಒಂದು ನೆಲೆ ಆಯ್ತು” ಎಂದರು ಮಾಮಿ ಸಂತೋಷದಿಂದ.

ಶಶಿಕಲಾ ಮತ್ತು ಉಮೇಶರ ಮದುವೆ ಸರಳವಾಗಿ ಆಯಿತು. ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಲ್ಯಾಪ್‌ಟಾಪ್ ಈಗ ಗುಂಡಿ ಒತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಮಾಮಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. “ಇಷ್ಟು ಬೇಗ ಬಂದ್ರೆ ನಾನು ಯೋಚನೆ ಮಾಡುದು ಯಾವಾಗ?” ಎನ್ನುತ್ತಾರೆ.

ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊರಟವನು, ಮಾಮಿ ಒಳಗಿದ್ದಾಗ, ಅದರ ವೇಗವನ್ನು ಒಮ್ಮೆ ಪರೀಕ್ಷಿಸೋಣವೆಂದು ಹುಡುಕುವ ಜಾಗದಲ್ಲಿ ನನ್ನ ಹೆಸರನ್ನೇ ಟೈಪ್ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ‘ಆಯಿತು’ ಫೋಲ್ಡರಿನಿಂದ ಒಂದು ಕಡತ ಎದ್ದು ಬಂತು. ಹಳೆಯ ನೋಟುಪುಸ್ತಕದಿಂದ ಇಳಿಸಿದ್ದು: ಜಯಕರ, ವಯಸ್ಸು ಇಪ್ಪತ್ತೊಂಬತ್ತು, ನಕ್ಷತ್ರ, ಉದ್ಯೋಗ. ಕೆಳಗೆ ಷರಾ: ‘ಹುಡುಗ ಸಾಧು. ಎತ್ತರ ಸಾಲದು. ಊಟ ಜೋರು. ಎರಡು ವಾರ ಕಾದು ನೋಡುವುದು. ಬೇರೆ ಬರದಿದ್ದರೆ ಇವನೇ ಸಾಕು.’

ತಿರುಗಿದರೆ ಹಿಂದೆ ಮಾಮಿ ನನ್ನ ಬುತ್ತಿ ಹಿಡಿದು ನಿಂತಿದ್ದರು.

“ಇಷ್ಟು ವರ್ಷ ಆಯ್ತಲ್ಲ ಮಾಮಿ” ಎಂದೆ, “ಸ್ವಲ್ಪ ತಿದ್ದಬಹುದಲ್ಲ?”

ಮಾಮಿ ಬಗ್ಗಿ, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಸಾಲನ್ನು ಓದಿದರು. “ಸರಿಯಾಗಿಯೇ ಉಂಟಲ್ಲ” ಎಂದು ಬುತ್ತಿಯನ್ನು ಕೈಗೆ ಕೊಟ್ಟರು. ಹಿಂದಿನ ದಿನಕ್ಕಿಂತ ಭಾರವಾಗಿತ್ತು. ಹಳೆಯ ಡಿಸ್ಕೇ ಇದ್ದಿದ್ದರೆ, ಆ ಕಡತ ತೆರೆಯುವುದನ್ನು ಕಾದೂ ಕಾದೂ ಬೇಸತ್ತು ನಾನು ಯಾವಾಗಲೋ ಎದ್ದು ಆಫೀಸಿಗೆ ಹೋಗಿರುತ್ತಿದ್ದೆ.