ಪುಟ್ಟಿಯ ಹೆಲ್ಮೆಟ್ಟೂ ಕಾಣೆಯಾದ ಕರ್ಚೀಫೂ

ಮದುವೆಯಾದ ಹೊಸದರಲ್ಲಿ, ಬೀರುವಿನಲ್ಲಿದ್ದ ಅಂಗಿಗಳ ಮಡಿಕೆ ಯಾಕೆ ಬದಲಾಯಿತೆಂದು ಹೆಂಡತಿಯನ್ನು ಮೂರು ದಿನ ವಿಚಾರಣೆ ಮಾಡಿ, ಅವಳ ಕಣ್ಣಲ್ಲಿ ನೀರು ತರಿಸಿದ ಮೇಲೆ ಹದ್ದು ಒಂದು ಮಾತು ಕೊಟ್ಟಿದ್ದ.

"ಇನ್ಮೇಲೆ ನನ್ನ ತಪಾಸಣೆಯೆಲ್ಲ ಬಸ್ಸಲ್ಲೇ. ಮನೆಯವರನ್ನ ಯಾವತ್ತೂ ಅನುಮಾನಿಸಲ್ಲ."

"ಹಾಗಾದ್ರೆ ನಾನೂ ಯಾವತ್ತೂ ನಿಮ್ಮ ಜೇಬಿಗೆ ಕೈ ಹಾಕಲ್ಲ," ಎಂದು ಅವಳೂ ಮಾತು ಕೊಟ್ಟಳು.

ಆರು ವರ್ಷ ಎರಡು ಮಾತೂ ನಿಂತವು.

ಹದ್ದು ಎನ್ನುವುದು ಕಂಡಕ್ಟರುಗಳು ಇಟ್ಟ ಹೆಸರು. ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವುದು ಅವನ ಕೆಲಸ. ಟಿಕೆಟ್ ಇಲ್ಲದವನನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದ. ಅಂಥವನ ನೆಮ್ಮದಿ ಕೆಡಿಸಿದ್ದು ಒಂದು ಕರ್ಚೀಫು.

ಅವನ ಎಂಟು ತಿಂಗಳ ಮಗಳು ಪುಟ್ಟಿಗೆ ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗಿತ್ತು. ಅದು ದುಂಡಗಾಗಲೆಂದು ಆಸ್ಪತ್ರೆಯಲ್ಲಿ ಅಳತೆ ತೆಗೆದು ಹೆಲ್ಮೆಟ್ ತೊಡಿಸಿದ್ದರು. ದಿನಕ್ಕೆ ಇಪ್ಪತ್ತಮೂರು ಗಂಟೆ ತಲೆಯ ಮೇಲಿರಬೇಕು, ತೊಳೆದು ಒರೆಸಲು ಒಂದೇ ಗಂಟೆ ಬಿಡುವು. ಸಂಜೆ ಹೆಂಡತಿ ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಮಗುವಿಗೆ ಸ್ನಾನ ಮಾಡಿಸುವಾಗ ಆ ಒಂದು ಗಂಟೆ ಎಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಬೇಸಿಗೆ ಬಂತು. ಫ್ಯಾನು ಬಿಸಿಗಾಳಿಯನ್ನೇ ಕಡೆದು ಕಡೆದು ಕೊಡುತ್ತಿತ್ತು. ಹೆಲ್ಮೆಟ್ಟಿನ ಅಂಚಿನಿಂದ ಬೆವರಿಳಿದು ಪುಟ್ಟಿ ರಚ್ಚೆ ಹಿಡಿದಳೆಂದರೆ ಹದ್ದಿನ ಕರುಳು ಚುರುಕ್ ಎನ್ನುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಹೊರಡುವ ಮುಂಚೆ, ಚಪ್ಪಟೆ ಇದ್ದ ಕಡೆ ತಲೆಗೂ ಹೆಲ್ಮೆಟ್ಟಿಗೂ ನಡುವಿನ ಸಂದಿಯಲ್ಲಿ ತನ್ನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ತೂರಿಸುತ್ತಿದ್ದ. ಬೆವರನ್ನೂ ಹೀರುತ್ತದೆ, ಕೂಸಿಗೆ ಮೆತ್ತಗೂ ಇರುತ್ತದೆ. ಇಂಥ ಸಣ್ಣ ಉಪಕಾರವನ್ನು ಡಂಗುರ ಸಾರುವುದೇಕೆಂದು ಯಾರಿಗೂ ಹೇಳಿರಲಿಲ್ಲ.

ಆದರೆ ರಾತ್ರಿ ಬಂದು ಬೆರಳಾಡಿಸಿದರೆ ಕರ್ಚೀಫು ಮಾಯ! ಸಂಜೆ ಹೆಂಡತಿ ತೆಗೆದಿರಬಹುದೆಂದು ಒಂದು ದಿನ ಕೆಲಸದಿಂದ ಬೇಗ ಬಂದು ನಾಲ್ಕು ಗಂಟೆಗೇ ನೋಡಿದ. ಆಗಲೂ ಇಲ್ಲ. ಅಂದರೆ ಹಗಲು ಹೊತ್ತಿನಲ್ಲಿ ಯಾರೋ ಹೆಲ್ಮೆಟ್ ತೆಗೆಯುತ್ತಿದ್ದಾರೆ. ಮನೆಯಲ್ಲಿ ಹಗಲಿಡೀ ಇರುವವರು ಅತ್ತೆ ಒಬ್ಬರೇ. ಕೇಳಿಬಿಡೋಣವೆಂದರೆ ಕೊಟ್ಟ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಹೋದ ಸಲ ಅಳತೆಯ ಡಾಕ್ಟರಮ್ಮ ಮುಖ ಗಂಟಿಕ್ಕಿ, "ಏನೂ ಬದಲಾವಣೆ ಇಲ್ವಲ್ಲ. ಇಪ್ಪತ್ತಮೂರು ಗಂಟೆ ಹಾಕ್ತಿದೀರಿ ತಾನೆ? ಮುಂದಿನ ಸಲವೂ ಹೀಗೇ ಇದ್ರೆ ಇನ್ನೂ ಎರಡು ತಿಂಗಳು," ಎಂದಿದ್ದರು. ಆ ಮುಂದಿನ ಸಲ ಎನ್ನುವುದು ಇವತ್ತೇ, ಸಂಜೆ ಐದಕ್ಕೆ. ಎರಡು ತಿಂಗಳೆಂದರೆ ಬೇಸಿಗೆಯಿಡೀ.

ಹದ್ದು ಯೂನಿಫಾರ್ಮ್ ತೊಟ್ಟು, ಕರ್ಚೀಫು ತೂರಿಸಿ, "ಬರ್ತೀನಿ" ಎಂದು ಹೊರಟವನು ಕೆಲಸಕ್ಕೆ ಹೋಗಲಿಲ್ಲ. ಎದುರು ಕಟ್ಟಡದ ಮೆಟ್ಟಿಲೇರಿ, ಕಂಬದ ಮರೆಯಲ್ಲಿ ಕೂತು, ತನ್ನ ಮನೆಯ ಕಿಟಕಿಗೆ ಕಣ್ಣು ನೆಟ್ಟ.

ಹನ್ನೆರಡಕ್ಕೆ ಅತ್ತೆ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದರು. ಒಳಗಿಂದ ಕರ್ಚೀಫನ್ನು ಸತ್ತ ಜಿರಳೆಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದರು.

"ಸಿಕ್ಕಿಬಿದ್ರು!" ಎಂದು ಹದ್ದು ಎದ್ದು ನಿಂತದ್ದೇ ತಡ, ಕಿವಿ ತೂತು ಬೀಳುವಂತೆ ಸೀಟಿ ಕೇಳಿಸಿತು. ಆ ಕಟ್ಟಡದ ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು!

"ಏಯ್, ಯಾರಯ್ಯ ನೀನು? ಬೆಳಿಗ್ಗೆಯಿಂದ ನೋಡ್ತಿದೀನಿ, ಹೆಂಗಸರಿರೋ ಮನೆಗೆ ಇಣುಕ್ತಿದೀಯ?"

"ಅದು ನನ್ನ ಮನೇನೇ ಸಾರ್!"

"ತನ್ನ ಮನೆಗೆ ಯಾವನಾದ್ರೂ ಎದುರು ಮೆಟ್ಟಿಲಿಂದ ಇಣುಕ್ತಾನೇನೋ? ತೆಗಿ ಗುರುತಿನ ಚೀಟಿ!"

ದಿನಕ್ಕೆ ಮುನ್ನೂರು ಜನರನ್ನು ಚೀಟಿ ಕೇಳುವವನು ತನ್ನ ಚೀಟಿಗಾಗಿ ಜೇಬೆಲ್ಲ ತಡಕಾಡಿದ. ಬಂದದ್ದು ಬರೀ ಒಂದು ಕರ್ಚೀಫು, ಹಳೆಯ ಟಿಕೆಟ್ಟುಗಳ ಚೂರು. ಸೀಟಿಗೆ ಬೀದಿಯೇ ನೆರೆಯಿತು. ಕೊನೆಗೆ ಅವನ ಮನೆಯ ಓನರಮ್ಮ ಸೋಪಿನ ಕೈಯಲ್ಲೇ ಓಡಿಬಂದು, "ಅಯ್ಯೋ ಬಿಡಿ ಮೇಷ್ಟ್ರೇ, ನಮ್ಮ ಬಾಡಿಗೆಯವ್ರೇ. ಸ್ವಲ್ಪ ಹಾಗೆ, ಆದ್ರೆ ಒಳ್ಳೆಯವ್ರು," ಎಂದು ಬಿಡಿಸಿದರು. ಮೇಷ್ಟ್ರು ನಂಬಲಿಲ್ಲ. ಲೆಫ್ಟ್-ರೈಟ್ ಮಾಡಿಸಿಕೊಂಡು ಬಾಗಿಲವರೆಗೂ ಬಂದರು.

"ಏನಾಯ್ತು ಅಳಿಯಂದ್ರೇ?" ಅತ್ತೆ ಗಾಬರಿಯಾದರು.

"ಹೆಲ್ಮೆಟ್ ಎಲ್ಲಿ ಅತ್ತೆ?"

"ತೊಳೆದು ಫ್ಯಾನ್ ಮುಂದೆ ಇಟ್ಟಿದೀನಿ. ಸೆಕೆ ಜಾಸ್ತಿಯಾದ್ಮೇಲೆ ಆ ಒಂದು ಗಂಟೇನ ಮಧ್ಯಾಹ್ನಕ್ಕೆ ತಂದ್ವಲ್ಲ, ನಿಮ್ಮ ಹೆಂಡ್ತಿ ಹೇಳ್ಲಿಲ್ವಾ? ಸಂಜೆ ಈಗ ತೆಗಿಯೋದೇ ಇಲ್ಲ. ನೋಡಿ, ಒಂದಕ್ಕೆ ಅಲಾರಂ ಇಟ್ಟಿದೀನಿ."

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಹನ್ನೊಂದು ವರ್ಷದ ನೌಕರಿ ಬಾಯಲ್ಲಿ ಕೂತು ಮಾತಾಡಿತು: "ದಿನಾ ಒಂದೇ ಗಂಟೆ ಅನ್ನೋದಕ್ಕೆ ಏನು ಸಾಕ್ಷಿ?"

ಓನರಮ್ಮ ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಅತ್ತೆಯ ಮುಖ ಹೆಲ್ಮೆಟ್ಟಿಗಿಂತ ಗಟ್ಟಿಯಾಯಿತು.

"ಸಾಕ್ಷಿನಾ? ಸರಿ, ನೀವೇ ಹಾಕಿ, ನೀವೇ ಕಾಯಿರಿ. ನಾನಿನ್ನು ಮುಟ್ಟಲ್ಲ."

ಒಂದು ಗಂಟೆಗೆ ಹದ್ದೇ ಹೆಲ್ಮೆಟ್ ತೊಡಿಸಿದ. ಜೇಬಿನಿಂದ ಇನ್ನೊಂದು ಕರ್ಚೀಫು ತೆಗೆದು ಸಂದಿಗೆ ತೂರಿಸಿದ. ಆಸ್ಪತ್ರೆಗೆ ಹೊರಡುವವರೆಗೂ ತೊಟ್ಟಿಲ ಪಕ್ಕ ಕಾವಲು ಕೂತ.

ಹೆಂಡತಿ ಪ್ರೆಸ್ಸಿನಿಂದ ನೇರ ಆಸ್ಪತ್ರೆಗೆ ಬಂದಳು. ಅತ್ತೆ ಅಳಿಯನ ಕಡೆ ಬೆನ್ನು ಮಾಡಿ ಕೂತಿದ್ದರು. ಡಾಕ್ಟರಮ್ಮ ಹೆಲ್ಮೆಟ್ ಬಿಚ್ಚಿದೊಡನೆ ಕರ್ಚೀಫು ಮೇಜಿನ ಮೇಲೆ ಬಿತ್ತು.

"ಇದೇನಿದು? ಈ ಜಾಗ ಖಾಲಿ ಬಿಟ್ಟಿರೋದು ಯಾಕೆ ಗೊತ್ತಾ? ಚಪ್ಪಟೆ ಕಡೆ ತಲೆ ಬೆಳೆದು ತುಂಬಿಕೊಳ್ಳೋಕೆ! ಇಲ್ಲೇ ಬಟ್ಟೆ ತುರುಕಿದ್ರೆ ತಲೆ ಎಲ್ಲಿಗೆ ಬೆಳೀಬೇಕು? ಸೆಕೆಗೆ ತೆಳು ಅಂಗಿ, ಕುತ್ತಿಗೆಗೆ ಒದ್ದೆ ಬಟ್ಟೆ ಸಾಕಲ್ವಾ?"

ಅತ್ತೆ ತಿರುಗಿದರು. "ದಿನಾ ಮಧ್ಯಾಹ್ನ ಇರ್ತಿತ್ತು ಡಾಕ್ಟ್ರೇ. ಬೆವರು ಒರೆಸಿ ಮರೆತಿರ್ತಾರೆ ಅಂತ ತೆಗೆದು ಒಗೆದಿಡ್ತಿದ್ದೆ. ಕೇಳೋಕೆ ಸಂಕೋಚ."

"ನೀವು ತೆಗೆದಿದ್ದಕ್ಕೇ ಇಷ್ಟಾದ್ರೂ ಬೆಳೆದಿದೆ," ಎಂದು ಡಾಕ್ಟರಮ್ಮ ಅಳತೆ ಬರೆದುಕೊಂಡರು. "ಇನ್ನೂ ಎರಡು ತಿಂಗಳು. ಅಂದಹಾಗೆ, ಇಟ್ಟೋರು ಯಾರು?"

ಹದ್ದು ಮಗ್ಗುಲ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದ. ಹೆಂಡತಿ ಕರ್ಚೀಫನ್ನು ಕೈಗೆತ್ತಿಕೊಂಡು ಒಂದೊಂದೇ ಮಡಿಕೆ ಬಿಚ್ಚಿದಳು. ನಾಲ್ಕನೆಯ ಮಡಿಕೆಯಿಂದ ಹಳೆಯ ಬಸ್ ಟಿಕೆಟ್ಟಿನ ಚೂರೊಂದು ಉದುರಿತು.

ಹದ್ದು ತಲೆ ತಗ್ಗಿಸಿದ. ಟಿಕೆಟ್ ಸಮೇತ ಸಿಕ್ಕಿಬಿದ್ದ ಮನುಷ್ಯನನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

"ರೀ, ಒಂದ್ನಿಮಿಷ ನಿಲ್ಲಿ. ಕೈ ಮೇಲೆತ್ತಿ."

ಅಂಗಿಯ ಜೇಬಿನಿಂದ ಒಂದು, ಪ್ಯಾಂಟಿನ ಜೇಬಿನಿಂದ ಎರಡು ಕರ್ಚೀಫು ಅವಳ ವಶವಾದವು. ಎದುರು ಮೆಟ್ಟಿಲ ಮೇಲೆ ನಿಂತಿದ್ದ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಹದ್ದು ತೋಳಿನಿಂದ ಬೆವರು ಒರೆಸಿಕೊಳ್ಳುತ್ತ ಬಸ್ ನಿಲ್ದಾಣದ ಕಡೆ ನಡೆದ.

ಆರು ವರ್ಷದ ಹಿಂದೆ ಕೊಟ್ಟ ಮಾತು ಎರಡೂ ಮುರಿದವು.