ತವನಪ್ಪನ ಸನ್ನೆ ಪಾಠ

ಎಂಬತ್ತೆಂಟನೆಯ ಇಸವಿಯ ಒಂದು ಭಾನುವಾರ ಬೆಳಿಗ್ಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿ ತವನಪ್ಪ ಘನಘೋರ ಪ್ರತಿಜ್ಞೆ ಮಾಡಿದ. ಮಗಳು ಸುಗಂಧಾಳಿಗೆ ಇನ್ನು ಟ್ಯೂಶನ್ ಬೇಡ. ಒಂಬತ್ತನೆಯ ಇಯತ್ತೆಯ ವಿಜ್ಞಾನವನ್ನು ಸ್ವತಃ ತಾನೇ ಕಲಿಸುವುದು!

“ನೀವು?” ಎಂದಳು ಹೆಂಡತಿ ಲಕ್ಷ್ಮಿಬಾಯಿ, ಕನ್ನಡಿಯಿಂದ ಕಣ್ಣು ತೆಗೆಯದೆ. ರಾಯಬಾಗದ ತವರಿನಲ್ಲಿ ತಮ್ಮನ ಬಸುರಿ ಹೆಂಡತಿಗೆ ಕುಬಸದ ಶಾಸ್ತ್ರ. ಅವಳು ಹನ್ನೊಂದರ ಬಸ್ಸಿಗೆ ಸಿಂಗಾರವಾಗುತ್ತಿದ್ದಳು. “ಏಳನೇ ಇಯತ್ತೆದಾಗ ನೀವು ಎಷ್ಟ ವರ್ಷ ಕುಂತಿದ್ರಿ ಅನ್ನೂದು ಅತ್ತಿ ನನಗ ಹೇಳ್ಯಾರ.”

“ಅದಕ್ಕ ನಂದು ಉಳದವರಕಿಂತ ಪಕ್ಕಾ ಆಗೇತಿ! ಸುಗಂಧಾ, ಪುಸ್ತಕ ತಗೀ. ಯಾವ ಪಾಠ?”

“ಸನ್ನಿ, ಅಪ್ಪಾ.”

ತವನಪ್ಪನ ಮುಖ ಹೊಸ ಮಾಲಿನ ಗೋಣಿ ಬಿಚ್ಚಿದಂತೆ ಅರಳಿತು. ಸನ್ನೆ! ಪೇಟೆಯಲ್ಲಿ ವಸ್ತ್ರದ ಮರೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ದರ ಕುದುರಿಸುವ ಮಹಾವಿದ್ಯೆ ಕೊನೆಗೂ ಶಾಲೆಗೆ ಬಂತು! ಸರ್ಕಾರಕ್ಕೆ ಬುದ್ಧಿ ಬಂದದ್ದು ತಡವಾಗಿ, ಆದರೂ ಬಂತಲ್ಲ. ಅವನು ಹೆಗಲ ಮೇಲಿನ ಟಾವೆಲನ್ನು ಮಗಳ ಕೈ ಮೇಲೆ ಹಾಸಿ ಪಾಠ ಶುರು ಮಾಡಿದ.

“ಹಿಂಗ ಬೆರಳ ಹಿಡದ್ರ ನೂರು. ಹಿಂಗ ಮುರದ್ರ ಐವತ್ತು. ಅಂಗೈ ಕೆರದ್ರ, ‘ನಿನ್ನ ಮಾಲ ಹಸಿ ಐತಿ, ರೇಟ್ ಇಳಸು’ ಅಂತ ಅರ್ಥ. ಬರಕೋ.”

ಸುಗಂಧಾ ಬಲು ಗಂಭೀರವಾಗಿ ಕೇಳಿದಳು. ನಡುವೆ ಒಮ್ಮೆ ತಾನೂ ಅಂಗೈ ಕೆರೆದು ತೋರಿಸಿದಳು. ಆಮೇಲೆ ಮೆಲ್ಲಗೆ ಅಂದಳು: “ಎಲ್ಲಾ ತಿಳೀತಪ್ಪಾ. ಇದರಾಗ ಆನಿಕಿ ಯಾವದು?”

“ಆನಿಕಿ? ಯಾರಕಿ?”

“ಪುಸ್ತಕದಾಗ ಅದಾಳಲ್ಲ! ಉದ್ದನ್ನ ಒಂದ್ ಹಾರಿ. ಅದಕ್ಕ ಕೆಳಗ ಆಸರಾಗೂ ಕಲ್ಲಿಗೆ ಆನಿಕಿ ಅಂತಾರ. ಈ ತುದಿ ಒತ್ತಿದ್ರ ಆ ತುದ್ಯಾಗಿನ ಭಾರ ಏಳತೈತಿ. ಅದಕ್ಕ ಸನ್ನಿ ಅಂತಾರಪ್ಪಾ.”

ಕನ್ನಡಿಯ ಕಡೆಯಿಂದ ಕಿಸಕ್ ಎಂಬ ಸದ್ದು ಬಂತು. “ಸುಗಂಧಾ, ನಿಮ್ಮಪ್ಪನ ಹಣಿ ಮುಟ್ಟಿ ನೋಡವ್ವಾ. ಅವರಿಗೆ ಬ್ಯಾರೆ ಸನ್ನಿ ಹಿಡದೈತಿ. ಡಾಕ್ಟರನ್ನ ಕರೀಬೇಕಾಗತೈತಿ!”

ಹೀಗೆ ಹೇಳಿ ನಗುವ ಭರದಲ್ಲಿ ಲಕ್ಷ್ಮಿಬಾಯಿಯ ಬೆರಳಿನಿಂದ ನತ್ತು ಜಾರಿತು. ನೆಲಕ್ಕೆ ಬಿತ್ತು. ಉರುಳಿತು. ಪಾತ್ರೆ ತುಂಬಿದ ಸಾಗವಾನಿ ಕಪಾಟಿನ ಅಡಿಗೆ ಹೋಗಿ ಮಾಯವಾಯಿತು.

ನಗು ನಿಂತಿತು.

“ಅಯ್ಯ, ನಮ್ಮವ್ವ ಕೊಟ್ಟ ನತ್ತ! ಬರೇ ಮೂಗ ತೊಗೊಂಡ ತವರಾಗ ಆಕಿ ಮುಂದ ಹ್ಯಾಂಗ ನಿಂದರ್ಲಿ? ಮಾರಿ ನೋಡೂಕಿಂತ ಮೊದಲ ಮೂಗ ನೋಡ್ತಾಳ ಆಕಿ. ಏಳ್ರಿ, ಭಾಂಡಿ ಇಳಸ್ರಿ, ಕಪಾಟ ಸರಸೂಣು.”

ತವನಪ್ಪನಿಗೆ ಕಳೆದ ಮಾನವನ್ನು ಬಡ್ಡಿಸಮೇತ ವಸೂಲಿ ಮಾಡುವ ಅವಕಾಶ ಕಂಡಿತು.

“ಇಳಸೂದು, ಸರಸೂದು ಹಮಾಲರ ಪದ್ಧತಿ. ಮನ್ಯಾಗ ವಿಜ್ಞಾನ ಎದಕ್ಕೈತಿ? ಹಿತ್ತಲದಾಗಿನ ಹಾರಿ ತಾ ಸುಗಂಧಾ! ಈಗ ನೋಡ್ರಿ, ಸನ್ನಿ ಅಂದ್ರ ಏನಂತ!”

ಹಾರೆ ಬಂತು. ತವನಪ್ಪ ಹತ್ತು ಕಿಲೋದ ಕಬ್ಬಿಣದ ತೂಕವನ್ನು ತಂದು ಆನಿಕೆಯ ಪಟ್ಟಕ್ಕೆ ಕೂರಿಸಿದ. ಕಪಾಟು ಎದ್ದ ಕೂಡಲೇ ಅದರ ಕಾಲಡಿಗೆ ಸರಿಸಲು ಒಂದು ಇಟ್ಟಂಗಿಯನ್ನೂ ಪಕ್ಕದಲ್ಲಿಟ್ಟ. ಸರಿಸುವವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಮಹಾಕಾರ್ಯಕ್ಕೆ ಮುನ್ನ ಎಲೆಯಡಿಕೆಯ ಜೊತೆ ತನ್ನದೇ ಗೋದಾಮಿನ ತಂಬಾಕನ್ನು ಬಾಯಿ ತುಂಬ ಇಟ್ಟುಕೊಂಡ. ಸುಗಂಧಾ ಬ್ಯಾಟರಿ ಹಿಡಿದು ಕಪಾಟಿನ ಆಚೆ ಬದಿಗೆ ಬೋರಲು ಮಲಗಿದಳು. ತವನಪ್ಪ ಹಾರೆಯ ತುದಿಯ ಮೇಲೆ ಇಡೀ ದೇಹವನ್ನು ಹೇರಿದ.

ಏನಾಶ್ಚರ್ಯ! ಕಪಾಟು ಎದ್ದಿತು! ಪೂರಾ ನಾಲ್ಕು ಬೆರಳು!

“ಎದ್ದೈತಪ್ಪಾ! ನತ್ತ ಕಾಣಾಕತ್ತೇತಿ! ನಿನ್ನ ಕಡೀ ಕಾಲಬುಡಕ್ಕ ಐತಿ, ನನ್ನ ಕೈಗೆ ನಿಲಕವಲ್ದು. ಬಿಟ್ಟ ಗಿಟ್ಟೀ, ಜಜ್ಜಿ ಹೋಗತೈತಿ!” ಎಂದು ಆಚೆಯಿಂದ ಸುಗಂಧಾ ಕೂಗಿದಳು.

ಇಲ್ಲಿ ಆ ಮನೆಯ ಒಂದು ಗುಟ್ಟು ಹೇಳಬೇಕು. ಮನೆಗೆ ಯಾರಾದರೂ ಬಂದರೆ ತವನಪ್ಪ ಬಾಯಿ ಬಿಟ್ಟು ಹೇಳುವವನಲ್ಲ. ಅವನ ಹುಬ್ಬು ಮೇಲೆ ಹೋದರೆ ಚಹಾ ಇಡಬೇಕು. ಹುಬ್ಬು ಕೆಳಗೆ ಬಂದರೆ ಚಹಾಪುಡಿ ಮುಗಿದಿದೆ ಎನ್ನಬೇಕು. ಹೀಗೆ ವರ್ಷಗಟ್ಟಲೆ ಸಂಸಾರದ ಖರ್ಚು ಉಳಿಸಿದ್ದ.

ಸರಿಯಾಗಿ ಆ ಹೊತ್ತಿಗೆ ಪಕ್ಕದ ಮನೆಯ ಜಿನ್ನಪ್ಪ ಶುಭ್ರ ಧೋತರದಲ್ಲಿ ಒಳಗೆ ಬಂದ. “ಏನ್ ಗದ್ದಲೋ ತವನಪ್ಪಾ? ಈ ವಯಸ್ಸಿನಾಗ ಕಸರತ್ತ ಹಿಡದೀಯೇನ?”

ತವನಪ್ಪನ ಬಾಯಲ್ಲಿ ರಸ ತುಂಬಿ ತುಳುಕುತ್ತಿತ್ತು. ಎರಡೂ ಕೈ ಹಾರೆಯ ಮೇಲೆ. ಉಳಿದದ್ದು ಹುಬ್ಬು ಮಾತ್ರ. ಇಟ್ಟಂಗಿಯ ಕಡೆ ನೋಡಿ, ಹೆಂಡತಿಯ ಕಡೆ ನೋಡಿ, ಹುಬ್ಬು ಹಾರಿಸಿದ.

“ಇಂಥಾದರಾಗ ಚಾ ಬ್ಯಾರೆ!” ಎಂದು ಗೊಣಗುತ್ತ ಲಕ್ಷ್ಮಿಬಾಯಿ ಒಳಗೆ ಹೋಗಿ ಸ್ಟೋವ್ ಹಚ್ಚಿದಳು.

ತವನಪ್ಪ ದಿಗಿಲುಬಿದ್ದು ಜಿನ್ನಪ್ಪನ ಕಡೆಗೆ ಹುಬ್ಬು ಹಾರಿಸಿದ.

“ಬ್ಯಾಡಪಾ, ಈಗ ಕುಡದ ಬಂದೇನಿ.”

ತವನಪ್ಪ ‘ಅದಲ್ಲೋ ಮಾರಾಯಾ’ ಎನ್ನುವಂತೆ ಹುಬ್ಬು ಗಂಟಿಕ್ಕಿದ.

“ಗೊತ್ತೈತಿ ಬಿಡು, ಚಾಪುಡಿ ಮುಗದೈತಿ. ಇಡೀ ಓಣಿಗೆ ಗೊತ್ತೈತಿ.” ಜಿನ್ನಪ್ಪ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಎದುರಿಗೇ ಕುಳಿತ. “ಒಂದ್ ಮಾತರ ಆಡೋ! ಸಿಟ್ಟೇನ ನನ್ನ ಮ್ಯಾಲ?”

ತವನಪ್ಪನ ತೋಳು ನಡುಗತೊಡಗಿತು. ಹುಬ್ಬು ಮೇಲೆ, ಕೆಳಗೆ, ಮೇಲೆ, ಕೆಳಗೆ ಕುಣಿಯಿತು. ಒಳಗಿನಿಂದ ಇಣುಕಿದ ಲಕ್ಷ್ಮಿಬಾಯಿ ರೇಗಿದಳು: “ಇಡ್ಲ್ಯೋ, ಇಳಸ್ಲ್ಯೋ? ಒಂದ್ ಯಾವದರ ಹೇಳ್ರಿ!”

ಅಷ್ಟರಲ್ಲಿ ಹಣೆಯ ಬೆವರು ಎಡಗಣ್ಣಿಗೆ ಇಳಿಯಿತು. ಉರಿ ತಾಳದೆ ಆ ಕಣ್ಣು ಪಟಪಟ ಹೊಡೆದುಕೊಂಡಿತು.

“ಥೂ! ಜಿನ್ನಪ್ಪಣ್ಣನ ಮುಂದ ಕಣ್ಣ ಹೊಡಿತೀರಿ? ಮಗಳು ಮಲಗ್ಯಾಳ ಅಲ್ಲೇ!”

ಇನ್ನು ತಡೆಯುವುದು ಮನುಷ್ಯಮಾತ್ರನಿಂದ ಆಗದು. ತವನಪ್ಪ ಪ್ರಾಣದ ಹಂಗು ತೊರೆದು ಬಾಯಿ ತೆಗೆದ. “ಇಟ್ಟಂಗಿ!” ಎಂಬ ಶಬ್ದ ಮುಂದೆ ಬಂತೋ, ಕೆಂಪು ರಸ ಮುಂದೆ ಬಂತೋ, ಹೇಳುವುದು ಕಷ್ಟ. ಶಬ್ದ ಯಾರಿಗೂ ತಿಳಿಯಲಿಲ್ಲ. ರಸ ಮಾತ್ರ ಜಿನ್ನಪ್ಪನ ಧೋತರಕ್ಕೆ ಚೆನ್ನಾಗಿ ತಿಳಿಯಿತು. ಕೈ ಜಾರಿತು. ಹಾರೆ ಹಾರಿತು! ತವನಪ್ಪ ಹಿಂದಕ್ಕೆ ನೆಗೆದ. ಕಪಾಟು ಧಡಲ್ ಎಂದು ಕೂತಿತು. ಮೇಲಿದ್ದ ತಟ್ಟೆ, ತಂಬಿಗೆ, ಬೋಗುಣಿಗಳು ಬ್ಯಾಂಡ್ ಬಾರಿಸುತ್ತ ಒಂದೊಂದಾಗಿ ಕೆಳಗಿಳಿದವು.

ಕೊನೆಯ ಮುಚ್ಚಳ ಗಿರಿಗಿರಿ ತಿರುಗಿ ನಿಂತಿತು. ಜಿನ್ನಪ್ಪ ಧೋತರ ಎತ್ತಿ ಹಿಡಿದುಕೊಂಡು ಮನೆಗೆ ಹೋದ.

“ನನ್ನ ನತ್ತ!” ಎಂದು ಲಕ್ಷ್ಮಿಬಾಯಿ ಓಡಿಬಂದಳು. ಸುಗಂಧಾ ಕೆಳಗೆ ಬ್ಯಾಟರಿ ಹಾಕಿ ಹುಡುಕಿದಳು. ಕಾಲಬುಡದಲ್ಲಿಲ್ಲ. ಗೋಡೆಯ ಬದಿಗಿಲ್ಲ. ಬಸ್ಸಿಗೆ ಇನ್ನು ಕಾಲು ತಾಸು. ಲಕ್ಷ್ಮಿಬಾಯಿಯ ಕಣ್ಣಲ್ಲಿ ನೀರಾಡಿತು.

“ನಾನೇನ ಸುಮ್ಮ ಕುಂತಿದ್ನೇನ?” ತವನಪ್ಪ ಏದುಸಿರು ಬಿಡುತ್ತ ನಿಂತಲ್ಲಿಂದಲೇ ವಾದ ಹೂಡಿದ. “ನೋಡಿಲ್ಲಿ, ಅಂಗಿ ಹಿಂಡಿದ್ರ ಒಂದ್ ಕೊಡ ಬೆವರು! ಇಷ್ಟ ಕೆಲಸ ಯಾವ ಗಂಡಸ ಮಾಡ್ತಾನ?”

ಲಕ್ಷ್ಮಿಬಾಯಿ ಮೂಗು ಒರೆಸಿಕೊಂಡು ಕೇಳಿದಳು: “ಸುಗಂಧಾ, ಕೆಲಸದ ಬಗ್ಗೆ ನಿಮ್ಮ ವಿಜ್ಞಾನದಾಗ ಏನ್ ಬರದಾರ?”

“ಬಲಾ ಹಾಕಿದ ವಸ್ತು ಜಾಗಾ ಬಿಟ್ಟ ಸರದ್ರಷ್ಟ ಕೆಲಸ, ಅವ್ವಾ. ಇದ್ದಲ್ಲೇ ಇದ್ರ, ಎಷ್ಟ ಬೆವರ ಸುರದ್ರೂ ಕೆಲಸ ಸೊನ್ನಿ.”

ಮೂವರೂ ಕಪಾಟಿನ ಕಡೆ ನೋಡಿದರು. ಅದು ಕೂದಲೆಳೆಯಷ್ಟೂ ಅತ್ತಿತ್ತ ಆಗದೆ, ಇದ್ದ ಜಾಗದಲ್ಲೇ ಅಚಲವಾಗಿ ನಿಂತಿತ್ತು.

ಲಕ್ಷ್ಮಿಬಾಯಿಯ ನೋಟ ಕಪಾಟಿನಿಂದ ಕೆಳಗಿಳಿದು, ನೆಲದ ಮೇಲೆ ಹರಿದು, ಗಂಡನ ಬಲಗಾಲಿನ ಹತ್ತಿರ ಬಂದು ನಿಂತಿತು. ಕಪಾಟು ಕೂತ ಹೊಡೆತಕ್ಕೆ ಪುಟಿದು ಬಂದು ಕಾಲಡಿ ಸೇರಿದ್ದ ನತ್ತಿನ ಒಂದು ಮುತ್ತು ಅವನ ಹೆಬ್ಬೆರಳಿನ ಬುಡದಿಂದ ಇಣುಕುತ್ತಿತ್ತು.

“ಕಪಾಟಂತೂ ಸರೀಲಿಲ್ಲ,” ಎಂದಳು ಅವಳು ಶಾಂತವಾಗಿ. “ನೀವರ ಒಂದ್ ಹೆಜ್ಜಿ ಸರೀರಿ.”

ತವನಪ್ಪ ಸರಿದ.

ಆ ಮನೆಯಲ್ಲಿ ಅಂದು ಆದ ಕೆಲಸ ಅಷ್ಟೇ.