ಕೋಟು ಹಾಕಿಕೊಂಡು ಕೋರ್ಟಿಗೆ

ಕೋಟು ಕದ್ದ ಆರೋಪ ಹೊತ್ತವನು ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಾರದು ಎನ್ನುವಷ್ಟು ಬುದ್ಧಿ ಪೇಂಟರನಿಗೂ ಇತ್ತು. ಆದರೆ ಎದುರುಮನೆಯ ನಿವೃತ್ತ ಮೇಷ್ಟ್ರು ಬೆಳ್ಳಂಬೆಳಗ್ಗೆ ತಮ್ಮ ಕಪ್ಪು ಕೋಟನ್ನು ತೋಳಿಗೆ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟರು.

"ಹಾಕ್ಕೋಪ್ಪ. ಜಡ್ಜ್ ಮುಂದೆ ಹೀಗೇ ನಿಂತ್ರೆ ನೋಡಿದ ಕೂಡ್ಲೇ ಕಳ್ಳ ಅಂತ ತೀರ್ಮಾನ ಮಾಡಿಬಿಡ್ತಾರೆ."

"ಮೇಷ್ಟ್ರೇ, ಇವರು ಕದ್ದಿದ್ದು ಅಂತ ಹೇಳ್ತಿರೋದೇ ಕೋಟನ್ನ!" ಎಂದಳು ಹೆಂಡತಿ.

"ಅದಕ್ಕೇ ಕಣಮ್ಮ! ಸ್ವಂತ ಕೋಟು ಇರೋನು ಇನ್ನೊಬ್ಬರ ಕೋಟು ಯಾಕೆ ಕದೀತಾನೆ?"

ಮೇಷ್ಟ್ರ ಮಾತಿಗೆ ಎದುರಾಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಕೋಟಿನ ಸುದ್ದಿ ತಿಳಿದದ್ದೇ ತಡ, ವಾಚು ರಿಪೇರಿಯವನು ಓಡಿಬಂದು ಫಳಫಳ ಹೊಳೆಯುವ ವಾಚೊಂದನ್ನು ಕೈಗೆ ಕಟ್ಟಿದ. ಹೆಂಡತಿಯ ತಮ್ಮ, "ಭಾವ, ಕೋಟಿನ ಒಳಗೆ ಆ ಹಳೇ ಅಂಗೀನಾ? ಮಾನ ಹೋಗುತ್ತೆ" ಎಂದು ತನ್ನ ಹೊಸ ರೇಷ್ಮೆ ಅಂಗಿಯನ್ನೇ ಬಿಚ್ಚಿ ಕೊಟ್ಟು, ತಾನು ಹಳೆಯದೊಂದನ್ನು ಸಿಕ್ಕಿಸಿಕೊಂಡ. ಪೇಂಟರ್ ಕನ್ನಡಿಯಲ್ಲಿ ನೋಡಿಕೊಂಡರೆ ಅಲ್ಲಿ ಯಾರೋ ಸಾಹುಕಾರ ನಿಂತಿದ್ದ. ಪ್ಯಾಂಟಿನ ಮೇಲಿನ ಬಣ್ಣದ ಕಲೆಗಳು ಮಾತ್ರ ಇವನವೇ.

ಸಂಗತಿ ಇಷ್ಟೇ. ಹೋದ ತಿಂಗಳು ಅವನು ಬಟ್ಟೆ ಅಂಗಡಿಯ ಯಜಮಾನರ ಮನೆಗೆ ಬಣ್ಣ ಬಳಿಯುತ್ತಿದ್ದಾಗ ಬೀರುವಿನಲ್ಲಿದ್ದ ಕೋಟು ಕಾಣೆಯಾಯಿತು. ಮನೆಗೆ ಬಂದುಹೋದವರು ಹತ್ತಾರು ಜನ. ಆದರೆ ಪೊಲೀಸರಿಗೆ ಕಂಡವನು ಇವನೊಬ್ಬನೇ. ಆ ದಿನ ಇವನು ಮನೆಯೊಳಗೆ ಕಾಲೇ ಇಟ್ಟಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೊರಗೋಡೆಗೆ ಏಣಿ ಹಾಕಿ ನಿಂತಿದ್ದ. ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿ ಕೂತು, "ಅಲ್ಲಿ ಬಿಟ್ಟಿದ್ದೀಯಲ್ಲೋ, ಇಲ್ಲಿ ಸರಿಯಾಗಿ ಬಳಿಯೋ" ಎಂದು ಇಡೀ ದಿನ ಅವನ ಪ್ರಾಣ ತಿಂದಿದ್ದಳು. ಆ ಅಜ್ಜಿ ಬಂದು ಒಂದು ಮಾತು ಹೇಳಿದರೆ ಕೇಸು ಮುಗಿದಂತೆ. ಹೇಳದಿದ್ದರೆ ಮೂರು ತಿಂಗಳು ಜೈಲು. ಅವಳನ್ನು ಕರೆಸಲು ವಕೀಲರು ಬೇಕು, ವಕೀಲರಿಗೆ ಕೊಡಲು ಇವನ ಬಳಿ ಏನೂ ಇಲ್ಲ. ಗತಿಯಿಲ್ಲದವರಿಗೆ ಕೋರ್ಟೇ ಪುಕ್ಕಟೆ ವಕೀಲರನ್ನು ಕೊಡುತ್ತದೆಂದು ಯಾರೋ ಹೇಳಿದ್ದರು. ಅದನ್ನು ಕೇಳಲೆಂದೇ ಇವತ್ತು ಹೊರಟಿದ್ದ. ಕದ್ದ ಎಂದು ಹೇಳುವುದಕ್ಕೆ ಸರ್ಕಾರ ಸಂಬಳ ಕೊಟ್ಟು ಒಬ್ಬರನ್ನು ಸಾಕಿರುತ್ತದೆ. ಕದ್ದಿಲ್ಲ ಎಂದು ಹೇಳಬೇಕಾದರೆ ಮಾತ್ರ ಬಡವ ಕೈಮುಗಿದು ಬೇಡಬೇಕು. ಇದು ಯಾವ ಸೀಮೆಯ ನ್ಯಾಯ ಸ್ವಾಮಿ?

ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಅವನನ್ನು ದಿಟ್ಟಿಸಿದರು.

"ನಿಮ್ಮ ವಕೀಲರೆಲ್ಲಿ?"

"ಇಲ್ಲ ಸ್ವಾಮಿ. ಬಡವರಿಗೆ ಕೊಡ್ತಾರಲ್ಲ, ಅವರು ಬೇಕಾಗಿತ್ತು."

"ನೋಡಿದ್ರೆ ನೀವೇ ವಕೀಲರ ಹಾಗಿದ್ದೀರಿ! ಕೋಟು, ರೇಷ್ಮೆ ಅಂಗಿ, ವಾಚು! ಅರ್ಜಿ ವಜಾ."

"ಅಯ್ಯೋ ಸ್ವಾಮಿ, ಇದ್ಯಾವುದೂ ನಂದಲ್ಲ!" ಎಂದು ಪೇಂಟರ್ ಕೂಗಿಬಿಟ್ಟ.

ಪೊಲೀಸರ ಕಡೆಯ ವಕೀಲರು ಕುರ್ಚಿಯಿಂದ ಚಂಗನೆ ಎದ್ದರು. "ಬರೆದುಕೊಳ್ಳಬೇಕು! ಮೈಮೇಲಿರುವುದು ತನ್ನದಲ್ಲ ಎಂದು ಆರೋಪಿಯೇ ಒಪ್ಪಿಕೊಂಡಿದ್ದಾನೆ."

ಅಂಗಡಿ ಯಜಮಾನರನ್ನು ಕರೆದು ಕೋಟು ತೋರಿಸಿದರು. ಅವರು ಮೂಗು ಮುರಿದು, "ಛೆ, ನನ್ನ ಕೋಟು ಇಷ್ಟು ಹಳೇ ಸರಕಲ್ಲ" ಎಂದರು.

"ಯಾವುದ್ರೀ ಹಳೇ ಸರಕು? ನನ್ನ ಮದುವೇಲಿ ಹಾಕಿದ ಕೋಟು ಅದು!" ಎಂದು ಹಿಂದಿನ ಬೆಂಚಿನಿಂದ ಮೇಷ್ಟ್ರು ಗುಡುಗಿದರು.

"ಹಾಗಾದರೆ ಯಾವುದು ಯಾರದ್ದೆಂದು ಗೊತ್ತಾಗುವವರೆಗೆ ಎಲ್ಲವನ್ನೂ ಜಪ್ತಿ ಮಾಡಬೇಕು" ಎಂದರು ಪೊಲೀಸರ ಕಡೆಯ ವಕೀಲರು.

ಜಪ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕು, ನೆಂಟರು ನೆರೆಯವರು ಮೂವರೂ ದಡಬಡ ನುಗ್ಗಿದರು. ಮೇಷ್ಟ್ರು ಕೋಟು ಎಳೆದುಕೊಂಡರು. "ಅದು ಗಿರಾಕಿ ವಾಚು ಕಣೋ, ನನ್ನ ಅಂಗಡಿ ಮುಳುಗಿಹೋಗುತ್ತೆ!" ಎಂದು ರಿಪೇರಿಯವನು ವಾಚು ಕಿತ್ತುಕೊಂಡ. "ಭಾವ, ಬೇಜಾರು ಮಾಡ್ಕೋಬೇಡಿ" ಎನ್ನುತ್ತಲೇ ಬಾಮೈದ ಗುಂಡಿ ಬಿಚ್ಚಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪೇಂಟರ್ ತೂತುಬಿದ್ದ ಬನಿಯನ್ನಿನಲ್ಲಿ, ರೆಕ್ಕೆಪುಕ್ಕ ಕಿತ್ತ ಕೋಳಿಯ ಹಾಗೆ ಕಟಕಟೆಯಲ್ಲಿ ನಿಂತಿದ್ದ.

"ನ್ಯಾಯಾಲಯದಲ್ಲಿ ಬನಿಯನ್ನಾ?" ನ್ಯಾಯಾಧೀಶರು ಮೇಜು ಕುಟ್ಟಿದರು. "ಅಗೌರವ! ಇವನ ಮೇಲೆ ಇನ್ನೊಂದು ಕೇಸು ಹಾಕಿ! ವಕೀಲರಿಲ್ಲವಾ? ಈಗ ನೋಡಿದರೆ ಗತಿಯಿಲ್ಲದವನ ಹಾಗೇ ಇದ್ದಾನೆ. ಈ ಹೊಸ ಕೇಸಿಗೆ ಪುಕ್ಕಟೆ ವಕೀಲರನ್ನು ಕೊಡಿ."

ಪುಕ್ಕಟೆ ವಕೀಲರು ಮೂಲೆಯಲ್ಲಿ ಫೈಲುಗಳ ರಾಶಿಯ ಹಿಂದೆ ಅರ್ಧ ಮುಳುಗಿ ಕೂತಿದ್ದರು. ಪಾಪ, ಅವರೊಬ್ಬರೇ, ಊರಿನ ಬಡವರ ಕೇಸುಗಳೆಲ್ಲ ಅವರ ತಲೆಗೇ. ಬೆಳಗಿನಿಂದ ಮಾತಾಡಿ ಗಂಟಲು ಒಣಗಿತ್ತು. ಪೇಂಟರ್ ಅವರ ಬಳಿ ಓಡಿದ.

"ಸಾರ್, ಆವತ್ತು ನಾನು ಹೊರಗಡೆ ಏಣಿ ಮೇಲೆ..."

"ಏಣಿ ಆಮೇಲೆ. ಮಕ್ಕಳಿದ್ದಾರಾ?"

"ಇಬ್ಬರು. ಸಾರ್, ಪಕ್ಕದ ಮನೆ ಅಜ್ಜಿ..."

"ಅಜ್ಜೀನೂ ಇದ್ದಾರಾ? ಸಾಕು ಸಾಕು." ಅವರು ಒಂದು ಗುಟುಕು ನೀರು ಕುಡಿದು ಎದ್ದೇಬಿಟ್ಟರು.

ಆಹಾ, ಏನು ಮಾತು, ಏನು ಕಥೆ! "ಮಹಾಸ್ವಾಮಿ, ಇವನು ಅಗೌರವ ತೋರಿದವನಲ್ಲ. ಇವನಿಗೆ ಸ್ವಂತದ್ದೆಂಬ ಒಂದು ಒಳ್ಳೆಯ ಅಂಗಿಯೂ ಇಲ್ಲ! ಇಬ್ಬರು ಮಕ್ಕಳು, ಮುದಿ ಅಜ್ಜಿ. ಚಳಿಯಲ್ಲಿ ಗಡಗಡ ನಡುಗುತ್ತಾ ಪರರ ಗೋಡೆಗೆ ಬಣ್ಣ ಬಳಿಯುವ ಈ ಜೀವ, ಒಂದು ಬೆಚ್ಚನೆಯ ಬಟ್ಟೆಗಾಗಿ ಎಷ್ಟು ಹಂಬಲಿಸಿರಬೇಕು!" ಮೇಷ್ಟ್ರು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ನ್ಯಾಯಾಧೀಶರೂ ಕನ್ನಡಕ ತೆಗೆದು ಒರೆಸಿಕೊಂಡರು. ಬನಿಯನ್ ಕೇಸು ಅಲ್ಲೇ ವಜಾ ಆಯಿತು.

ಪೇಂಟರನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪೊಲೀಸರ ಕಡೆಯ ವಕೀಲರು ಮೆಲ್ಲಗೆ ಎದ್ದರು.

"ನನ್ನ ಮಿತ್ರರು ಹೇಳಿದ್ದು ಅಕ್ಷರಶಃ ನಿಜ. ಅಂಗಿಗೂ ಗತಿಯಿಲ್ಲ, ಚಳಿ ಬೇರೆ, ಬೆಚ್ಚನೆಯ ಬಟ್ಟೆಗೆ ಹಂಬಲ. ಇಂಥವನು ಬೀರುವಿನಲ್ಲಿ ಕೋಟು ಕಂಡರೆ ಬಿಡುತ್ತಾನೆಯೇ? ಕೋಟು ಕದ್ದ ಕೇಸಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?"

"ಸಾರ್, ಏನಾದ್ರೂ ಹೇಳಿ ಸಾರ್!" ಪೇಂಟರ್ ತನ್ನ ವಕೀಲರ ತೋಳು ಹಿಡಿದ.

ಅವರು ಆಗಲೇ ಮುಂದಿನ ಫೈಲು ಬಿಚ್ಚುತ್ತಿದ್ದರು. "ನಾನು ಬನಿಯನ್ ಕೇಸಿಗೆ ಮಾತ್ರ ಕಣಪ್ಪ. ಕೋಟಿನ ಕೇಸಲ್ಲಿ ನಿನ್ನ ಅರ್ಜಿ ವಜಾ ಆಗಿದೆಯಲ್ಲ."

"ಪಕ್ಕದ ಮನೆ ಅಜ್ಜೀನ ಕರೆಸಿ ಸ್ವಾಮಿ! ಅವರು ನೋಡಿದ್ದಾರೆ!" ಹೆಂಡತಿ ಹಿಂದಿನಿಂದ ಕಿರುಚಿದಳು.

"ಗಲಾಟೆ ಮಾಡಬೇಡಿ. ಏನಿದ್ದರೂ ವಕೀಲರ ಮೂಲಕ ಹೇಳಿ" ಎಂದ ನ್ಯಾಯಾಧೀಶರು ತೀರ್ಪು ಬರೆದರು. ಮೂರು ತಿಂಗಳು.

ಪೊಲೀಸ್ ವ್ಯಾನಿನವರೆಗೂ ಬೀದಿಯವರು ಬಂದರು. "ಏನೇ ಹೇಳು, ನಿನ್ನ ವಕೀಲರು ಮಾತ್ರ ಅದ್ಭುತ ಕಣಯ್ಯ" ಎಂದರು ಮೇಷ್ಟ್ರು. ಪೇಂಟರನ ಮೈಯೆಲ್ಲ ಉರಿದುಹೋಯಿತು. ಹೆಂಡತಿ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದಳು.

ವ್ಯಾನು ಹೊರಟಿತು. ಪಕ್ಕದಲ್ಲಿ ಕೂತ ವಯಸ್ಸಾದ ಪೇದೆ, "ನಿಜ ಹೇಳಪ್ಪ, ಏನಾಯ್ತು?" ಎಂದು ಕೇಳಿದ. ಪೇಂಟರ್ ಏಣಿ, ಹೊರಗೋಡೆ, ಕಿಟಕಿ, ಅಜ್ಜಿ, ಅಜ್ಜಿಯ ಬೈಗುಳ ಒಂದನ್ನೂ ಬಿಡದೆ ಹೇಳಿದ. ಪೇದೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಕೇಸು ಶುರುವಾದಾಗಿನಿಂದ ಅವನ ಮಾತನ್ನು ಕೊನೆಯವರೆಗೆ ಕೇಳಿದವನು ಈ ಪೇದೆಯೊಬ್ಬನೇ.

"ಥೂ, ಎಂಥಾ ಮನುಷ್ಯನಪ್ಪ ನೀನು!" ಎಂದ ಪೇದೆ, ಹಣೆ ಚಚ್ಚಿಕೊಳ್ಳುತ್ತಾ. "ಇದನ್ನ ನಿನ್ನ ವಕೀಲರಿಗೆ ಹೇಳೋದಲ್ವಾ?"